ಜೀಮೇಲಿಗೆ ನಾನಿಟ್ಟ ಕಟ್ಟಳೆಗಳು

2004ರ ಏಪ್ರಿಲ್ ಒಂದರಂದು ಜೀಮೇಲ್ ಬಂದಾಗ ಒಂದು ಜಿಬಿ ಜಾಗ ಪುಕ್ಕಟೆ ಅಂದರು. ಏಪ್ರಿಲ್ ಫೂಲ್ ಮಾಡ್ತಿದಾರೆ ಅಂತ ಎಷ್ಟೋ ಜನ ನಂಬಲೇ ಇಲ್ಲವಂತೆ. ಫೂಲ್ ಆಗಿದ್ದು ನಿಜ, ಸ್ವಲ್ಪ ನಿಧಾನವಾಗಿ ಅಷ್ಟೆ. ಜಾಗ ಇದೆಯಲ್ಲ ಅಂತ ಏನನ್ನೂ ಅಳಿಸದೆ ಕೂಡಿಟ್ಟು ಕೂಡಿಟ್ಟು, ನನ್ನ ಇನ್‌ಬಾಕ್ಸು ನಮ್ಮನೆ ಅಟ್ಟದ ಹಾಗಾಗಿದೆ. ಒಂದನ್ನು ಎಳೆದರೆ ಹತ್ತು ತಲೆ ಮೇಲೆ ಬೀಳುತ್ತವೆ. ನಿಮ್ಮದೂ ಹಾಗೇ ಇರುತ್ತೆ, ಮುಚ್ಚಿಡಬೇಡಿ.

ಅದರ ಸೆಟ್ಟಿಂಗ್ಸ್‌ನಲ್ಲಿ ಫಿಲ್ಟರ್ ಅಂತೊಂದಿದೆ. ಯಾರಿಂದ ಬಂತು, ಒಳಗೆ ಯಾವ ಪದ ಇದೆ ಅಂತ ಹೇಳಿ, ಇದ್ದರೆ ಏನು ಮಾಡಬೇಕೆಂದು ಅಪ್ಪಣೆ ಕೊಟ್ಟರಾಯ್ತು. ನನ್ನ ಎದೆ ಉಬ್ಬಿತು. ಈ ಮನೆಯಲ್ಲಿ ನಾನು ಹೇಳಿದ್ದನ್ನು ಎದುರುತ್ತರ ಕೊಡದೆ ಕೇಳುವ ಜೀವ ಕೊನೆಗೂ ಒಂದು ಸಿಕ್ಕಿತು!

ಮೊದಲ ಅಪ್ಪಣೆ: 'ಆಫರ್' ಎಂಬ ಪದ ಕಂಡರೆ ಅಳಿಸು. ಸೀರೆ, ಸೋಫಾ, ಸಾಲ ಎಲ್ಲ ಮಾಯ. ಪಕ್ಕದ ಮನೆಯವರಿಗೂ ಒಂದು ಸಣ್ಣ ಭಾಷಣ ಕೊಟ್ಟು ಬಂದೆ.

"ರೀ, ನನ್ನ ತಮ್ಮನ ಮಗಳು ಕೆಲಸದ ಆಫರ್ ಲೆಟರ್ ಕಳಿಸಿ ವಾರ ಆಯ್ತಂತೆ. ನೋಡಿ ಹೇಳಿ ಮಾವ ಅಂತ ಕೇಳಿದ್ದಾಳೆ. ನಮ್ಮ ಕಡೆಯವರು ಅಂದರೆ ನಿಮಗೆ ಅಷ್ಟು ಅಸಡ್ಡೆ!"

ಮಗ ಬಂದು ಟ್ರ್ಯಾಶ್ ಕೆದಕಿದ. ಅಲ್ಲಿ 30 ದಿನ ಇರುತ್ತದಂತೆ, ಪತ್ರ ಸಿಕ್ಕಿತು. "ಅಪ್ಪಾ, ಸೀರೆ ಆಫರ್ ಯಾವುದು, ಕೆಲಸದ ಆಫರ್ ಯಾವುದು ಅಂತ ಅದಕ್ಕೆ ಗೊತ್ತಾಗಲ್ಲ. ಪದ ಇದೆಯಾ, ಎತ್ತು. ಅಷ್ಟೇ."

ಇನ್ನು ಏನನ್ನೂ ಅಳಿಸಬಾರದು, ಬರೀ ಜೋಡಿಸಬೇಕು ಅಂತ ತೀರ್ಮಾನಿಸಿದೆ. 'ಬಿಲ್' ಅಂತಿದ್ದರೆ ಇನ್‌ಬಾಕ್ಸಿಗೆ ತರದೆ, ಓದಿದೆ ಅಂತ ಗುರುತು ಹಾಕಿ, ಬಿಲ್ಲಿನ ಲೇಬಲ್ಲಿನಡಿ ಸೇರಿಸು. ಎಷ್ಟು ಅಚ್ಚುಕಟ್ಟು! ಬಿಲ್ಲುಗಳೆಲ್ಲ ತಿಂಗಳುವಾರು ಸಾಲಾಗಿ ಕೂತಿದ್ದವು. ಆ ಸಾಲನ್ನು ನಾನು ಮೊದಲ ಸಲ ಕಣ್ತುಂಬ ನೋಡಿದ್ದು ಮೊಬೈಲಿನಲ್ಲಿ, ಕತ್ತಲಲ್ಲಿ, ಫ್ಯೂಸ್ ಕಿತ್ತವನ ಪಕ್ಕ ನಿಂತು. "ಏನ್ಮಾಡೋದು ಸಾರ್, ನಮಗೂ ರೂಲ್ಸ್ ಅಂತಿರುತ್ತೆ" ಅಂದ.

ಮಗ ಸೀವ್ ಅನ್ನೋ ಒಂದು ಭಾಷೆಯ ಬಗ್ಗೆ ಹೇಳಿದ. ಮೇಲ್ ವಿಂಗಡಿಸಲೆಂದೇ ಮಾಡಿದ್ದಂತೆ, 2001ರಲ್ಲಿ ಅದರ ವಿವರ ಹೊರಬಂತಂತೆ. ಯಾವ ನಿಯಮಕ್ಕೂ ಸಿಗದ ಪತ್ರವನ್ನು ಅದು ತೆಪ್ಪಗೆ ಒಳಗೆ ಇಟ್ಟುಕೊಳ್ಳುತ್ತದೆ. ಅದನ್ನು ರೂಪಿಸಿದವರು ಸಂಸಾರಸ್ಥರೇ ಇರಬೇಕು.

ಮನೆಯಲ್ಲಿ ಶಾಂತಿ ನೆಲೆಸಲೆಂದು ಕೊನೆಯ ಅಪ್ಪಣೆಯನ್ನು ಹೆಂಡತಿಯ ಎದುರಿಗೇ ಹೊರಡಿಸಿದೆ: ಭಾವಮೈದುನನ ಮೇಲ್ ಯಾವುದೇ ಇರಲಿ, ಸ್ಪ್ಯಾಮಿಗೆ ಹಾಕಕೂಡದು, ಮುಖ್ಯವೆಂದು ಗುರುತಿಸಿ ನಕ್ಷತ್ರ ಹಚ್ಚು. ಅವಳು ಖುಷಿಯಾಗಿ ಇನ್ನೊಂದು ಲೋಟ ಕಾಫಿ ಕೊಟ್ಟಳು.

ಭಾವಮೈದುನ ಈಚೆಗೆ ಸೈಟು ಮಾರಿಸುವ ವ್ಯವಹಾರಕ್ಕೆ ಇಳಿದಿದ್ದಾನೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಆ ಮೇಲ್ ಯಾವ ಲೇಬಲ್ಲಿನಡಿ ಇದೆಯೋ. ಈಗ ಬೆಳಗೆದ್ದರೆ ನಕ್ಷತ್ರ ಹಚ್ಚಿಕೊಂಡ ಬಡಾವಣೆಗಳು. ಕಾರ್ನರ್ ಸೈಟು, ಪೂರ್ವಾಭಿಮುಖ, ಎದುರಿಗೇ ಪಾರ್ಕು, ಭಾನುವಾರದವರೆಗೆ ವಿಶೇಷ ಆಫರ್.

ಭಾನುವಾರ ನೋಡಲು ಹೋಗ್ತಿದ್ದೇವೆ. ಅವನ ಕಾರು ಗ್ಯಾರೇಜಿನಲ್ಲಿದೆಯಂತೆ, ನಮ್ಮದರಲ್ಲೇ. ಪೆಟ್ರೋಲು ನನ್ನದು.