ಹಳೆಯ ಮನುಷ್ಯನೂ ಸಭೆಯ ಹಿರಿಯರೂ

1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನರಿಗಳಿಂದ ಬೆಳೆದು, ಈಗ ದಕ್ಷಿಣ ಇಂಡಿಯಾ ಸಭೆಯೊಳಗೆ ಸೇರಿಕೊಂಡಿರುವ ಕರಾವಳಿಯ ಹಳೆಯ ದೇವಾಲಯಗಳಲ್ಲಿ, ಮುಂದಿನಿಂದ ಎರಡನೆಯ ಬೆಂಚಿನ ತುದಿಯನ್ನು ಯಾರೂ ಬರೆದುಕೊಡದಿದ್ದರೂ ತಮ್ಮದೆಂದೇ ಎಣಿಸಿ ಕುಳಿತುಕೊಳ್ಳುವ ನಿವೃತ್ತ ಹಿರಿಯರೊಬ್ಬರು ಸಾಮಾನ್ಯವಾಗಿ ಇದ್ದೇ ಇರುತ್ತಾರೆ. ಇವರ ಜೀವನದ ಮುಖ್ಯ ಉದ್ಯೋಗ ತಮ್ಮೊಳಗಿನ ‘ಹಳೆಯ ಮನುಷ್ಯ’ನೊಡನೆ ದಿನವೂ ಯುದ್ಧ ಮಾಡುವುದು. ಹಳೆಯ ಮನುಷ್ಯ ಎಂದರೆ ಆದಾಮನಿಂದ ಬಂದ ಪಾಪಸ್ವಭಾವ. ಅದನ್ನು ಕಳಚಿಟ್ಟು ಹೊಸ ಸ್ವಭಾವವನ್ನು ಧರಿಸಿಕೊಳ್ಳಬೇಕೆಂದು ಪೌಲನು ಎಫೆಸದವರಿಗೆ ಬರೆದ ಪತ್ರದಲ್ಲಿ ಬೋಧಿಸಿದ್ದಾನೆ. ಹೊಸ ಸ್ವಭಾವವನ್ನು ಹಿರಿಯರು ಭಾನುವಾರದ ಬಿಳಿ ಅಂಗಿಯೊಡನೆ ತಪ್ಪದೆ ಧರಿಸುತ್ತಾರೆ, ಸೋಮವಾರಕ್ಕೆ ಎರಡೂ ಒಗೆಯಲು ಬಿದ್ದಿರುತ್ತವೆ.

ಶಾಸ್ತ್ರದಲ್ಲಿ ಅವರು ಕಚ್ಚಾ ಅಲ್ಲ. ನಂಬಿಕೆಯ ಮೂಲಕ ಪಾಪಿಯು ದೇವರ ಮುಂದೆ ನಿರ್ದೋಷಿಯೆಂದು ಎಣಿಸಲ್ಪಡುವುದು ನೀತಿನಿರ್ಣಯ, ಆಮೇಲೆ ಆಯುಷ್ಯವಿಡೀ ಸ್ವಭಾವವು ತಿದ್ದಿಕೊಳ್ಳುತ್ತ ಹೋಗುವುದು ಪವಿತ್ರೀಕರಣ ಎಂಬ ಭೇದವನ್ನು ಯುವಕರಿಗೆ ತಿಳಿಹೇಳುವಾಗ, ಮೊದಲನೆಯದು ಪೆನ್ಶನ್ ಮಂಜೂರಾತಿಯಂತೆ ಒಮ್ಮೆಗೇ ಆಗುವಂಥದು, ಎರಡನೆಯದು ವರ್ಷವರ್ಷವೂ ಬ್ಯಾಂಕಿಗೆ ಹೋಗಿ ಕೊಡಬೇಕಾದ ಜೀವಂತ ಪ್ರಮಾಣಪತ್ರದಂತೆ ಎಂದು ಅವರು ಕೊಡುವ ಉಪಮೆ ದೇವಶಾಸ್ತ್ರದ ದೃಷ್ಟಿಯಿಂದ ಅಷ್ಟೇನೂ ತಪ್ಪಲ್ಲ. ವಿಶ್ವಾಸಿಯ ಇಡೀ ಬದುಕೇ ಪಶ್ಚಾತ್ತಾಪವಾಗಿರಬೇಕೆಂದು 1517ರಲ್ಲಿ ಲೂಥರನು ತನ್ನ ತೊಂಬತ್ತೈದು ಪ್ರಮೇಯಗಳ ಮೊದಲನೆಯದರಲ್ಲಿಯೇ ಸಾರಿದ್ದನ್ನೂ ಅವರು ಬಲ್ಲರು; ಆ ಮಾತನ್ನು ನೆರೆಮನೆಯವರಿಗೆ ನೆನಪಿಸುವ ಅವಕಾಶವನ್ನು ಎಂದೂ ಕಳೆದುಕೊಂಡವರಲ್ಲ.

ಗಲಾತ್ಯದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯದಲ್ಲಿ ಶರೀರಭಾವದ, ಎಂದರೆ ದೇವರಿಗೆ ಎದುರಾಗಿ ನಿಲ್ಲುವ ಮಾನವಸ್ವಭಾವದ, ಕೃತ್ಯಗಳ ಪಟ್ಟಿಯಿದೆ. ಹಿರಿಯರ ಬೈಬಲಿನಲ್ಲಿ ಈ ಪಟ್ಟಿಯ ಮೊದಲಲ್ಲಿರುವ ಜಾರತ್ವ, ವಿಗ್ರಹಾರಾಧನೆಗಳಿಗೂ ಕೊನೆಯಲ್ಲಿರುವ ಕುಡಿತ, ಮೋಜುಗಳಿಗೂ ಕೆಂಪು ಶಾಯಿಯಲ್ಲಿ ಗೆದ್ದ ಗುರುತು ಬಿದ್ದಿದೆ. ನಡುವೆ ಸಾಲಾಗಿ ನಿಂತಿರುವ ಹಗೆ, ಜಗಳ, ಹೊಟ್ಟೆಕಿಚ್ಚು, ಸಿಟ್ಟು, ಕಕ್ಷಭೇದಗಳ ಎದುರು ಮಾತ್ರ ಪೆನ್ಸಿಲಿನಿಂದ ಸಣ್ಣದಾಗಿ ಸಭೆಯ ಇತರ ಸದಸ್ಯರ ಹೆಸರುಗಳಿವೆ. ಗೆದ್ದ ಪಾಪಗಳ ಇತಿಹಾಸವೂ ಪರಿಶೀಲನೆಗೆ ಯೋಗ್ಯವಾದದ್ದು. ಕುಡಿತವನ್ನು ವೈದ್ಯರು ಬಿಡಿಸಿದರು, ಇಸ್ಪೀಟು ಜೊತೆಗಾರರು ಒಬ್ಬೊಬ್ಬರಾಗಿ ತೀರಿಕೊಂಡದ್ದರಿಂದ ನಿಂತಿತು, ಸಿನಿಮಾದ ಚಪಲವನ್ನು ಬಾಲ್ಕನಿಯ ಮೆಟ್ಟಿಲು ಹತ್ತಲೊಲ್ಲದ ಮೊಣಕಾಲು ಜಯಿಸಿತು. ಆದರೆ ಸಾಕ್ಷಿ ಹೇಳುವ ಕೂಟದಲ್ಲಿ ಈ ಮೂರೂ ಕೃಪೆಯ ಲೆಕ್ಕಕ್ಕೇ ಜಮೆಯಾಗುತ್ತವೆ. ಇದೇ ಸಭೆಗಳ ಮೊದಲ ತಲೆಮಾರಿನಲ್ಲಿ ಶೇಂದಿಯನ್ನು ಬಿಡುವುದೆಂದರೆ ಹಲವರಿಗೆ ಶೇಂದಿ ಇಳಿಸುವ ಕಸುಬನ್ನೇ ಬಿಡುವುದಾಗಿತ್ತು. ಜಾತಿಯನ್ನೂ ಜೀವನೋಪಾಯವನ್ನೂ ಕಳೆದುಕೊಂಡು ಬಂದವರಿಗೆ ಅನ್ನದ ದಾರಿ ಬೇಕಾದ್ದರಿಂದಲೇ ಮಿಶನ್ ನೇಯ್ಗೆಯನ್ನು ಕೈಗೆತ್ತಿಕೊಂಡಿತು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನೂ ತೆರೆಯಿತು. ಆ ಅಜ್ಜಂದಿರ ತ್ಯಾಗವನ್ನು ಮೊಮ್ಮಗನಾದ ಹಿರಿಯರು ತಮ್ಮ ಸ್ವಂತ ಖಾತೆಗೆ ವರ್ಗಾಯಿಸಿಕೊಂಡಿದ್ದಾರೆ.

ಹಾಗೆಂದು ಅವರನ್ನು ಕಪಟಿ ಎನ್ನುವುದು ಅನ್ಯಾಯ. ಬೆಳಗಿನ ಐದು ಗಂಟೆಗೆ ಎದ್ದು ಪ್ರಾರ್ಥಿಸುವುದೂ, ಸಾವಿನ ಮನೆಗೆ ಎಲ್ಲರಿಗಿಂತ ಮೊದಲು ಹೋಗಿ ಬೆಂಚು ಹಾಕಿಸುವುದೂ ನಟನೆಯಿಂದ ಆಗುವ ಕೆಲಸಗಳಲ್ಲ. ತೊಂದರೆಯಿರುವುದು ದೇವರ ಆಜ್ಞೆಗಳನ್ನು ಸರಕಾರಿ ಸುತ್ತೋಲೆಗಳಂತೆ ಓದುವ ಅವರ ಅಭ್ಯಾಸದಲ್ಲಿ. ಸೂರ್ಯ ಮುಳುಗುವುದಕ್ಕೆ ಮುಂಚೆ ಸಿಟ್ಟು ತೀರಬೇಕೆಂಬ ಪೌಲನ ಬುದ್ಧಿವಾದವನ್ನು ಅವರು ಅಕ್ಷರಶಃ ಪಾಲಿಸುತ್ತಾರೆ. ಪಕ್ಕದ ಹಿತ್ತಿಲಿನ ತೆಂಗಿನ ಮಡಲು ಮಧ್ಯಾಹ್ನವೇ ತಮ್ಮ ಮಲ್ಲಿಗೆ ಚಪ್ಪರದ ಮೇಲೆ ಬಿದ್ದಿದ್ದರೂ, ದೀಪ ಹಚ್ಚುವ ಹೊತ್ತಿನವರೆಗೆ ತಾಳ್ಮೆಯಿಂದ ಕಾದು, ಕತ್ತಲಾದ ಮೇಲೆಯೇ ಪಾಗಾರದ ಬಳಿ ಹೋಗಿ ಸ್ವರ ಎತ್ತುತ್ತಾರೆ. ಇದರಿಂದ ಸಿಟ್ಟಿಗೆ ಮರುದಿನದ ಸೂರ್ಯಾಸ್ತದವರೆಗೆ ಪೂರ್ಣ ಅವಧಿ ಸಿಗುತ್ತದೆ. “ಇವತ್ತಿನ ವಚನ ದೀರ್ಘಶಾಂತಿಯದ್ದೇ ಅಲ್ವಾ?” ಎಂದು ಅಡುಗೆಮನೆಯಿಂದ ಹೆಂಡತಿ ಕೇಳಿದರೆ, “ಅದು ಬೆಳಗ್ಗಿನದ್ದು ಮಾರಾಯ್ತಿ” ಎಂಬ ಉತ್ತರ ಸಿದ್ಧವಾಗಿರುತ್ತದೆ. ದಿನಕ್ಕೊಂದು ವಚನವನ್ನು ಗೊತ್ತುಮಾಡಿ ಕೊಡುವ ಪುಸ್ತಕವು ಜರ್ಮನಿಯ ಹೆರ್ನ್‌ಹೂಟ್‌ನಲ್ಲಿ 1731ರಿಂದ ವರ್ಷವರ್ಷವೂ ಅಚ್ಚಾಗುತ್ತ ಬಂದಿದೆ. ಅದನ್ನು ಆರಂಭಿಸಿದ ಭಕ್ತರು ವಚನವು ಇಡೀ ದಿನಕ್ಕೆ ಅನ್ವಯಿಸುತ್ತದೆಂದು ಸ್ಪಷ್ಟಪಡಿಸುವ ಅಗತ್ಯವನ್ನು ಕಂಡಿರಲಾರರು.

ಹಳೆಯ ಮನುಷ್ಯನ ಪೂರ್ಣ ವೈಭವವನ್ನು ನೋಡಬೇಕಾದರೆ ಸುಗ್ಗಿಹಬ್ಬದ ಏಲಂಗೆ ಹೋಗಬೇಕು. ಸಭೆಯವರು ಪ್ರಥಮ ಫಲವೆಂದು ತಂದೊಪ್ಪಿಸಿದ ಬಾಳೆಗೊನೆ, ಕೋಳಿ, ಮೊಟ್ಟೆ, ಕುಂಬಳಕಾಯಿಗಳನ್ನು ಆರಾಧನೆಯ ನಂತರ ಅಂಗಳದಲ್ಲಿ ಕೂಗಿ ಮಾರಿ, ಬಂದ ಹಣವನ್ನು ಸಭೆಯ ನಿಧಿಗೆ ಸೇರಿಸುವುದು ಪದ್ಧತಿ. ಹಿರಿಯರು ಕುಂಬಳಕಾಯಿಯನ್ನು ಮೆಚ್ಚುವವರಲ್ಲ, ಅವರ ಮನೆಯಲ್ಲಿ ಅದನ್ನು ತಿನ್ನುವವರೂ ಇಲ್ಲ. ಆದರೆ ಹಿಂದೆ ಖಜಾಂಚಿ ಚುನಾವಣೆಯಲ್ಲಿ ತಮ್ಮನ್ನು ಸೋಲಿಸಿದವರು ಐವತ್ತು ರೂಪಾಯಿ ಎಂದೊಡನೆ ಇವರ ಬಾಯಿಂದ ನೂರು ಹೊರಡುತ್ತದೆ, ಅತ್ತಲಿಂದ ಇನ್ನೂರು, ಇತ್ತಲಿಂದ ಐನೂರು. ಕೂಗುವ ಯುವಕ ‘ಒಂದು ಸಾರಿ’ ಎಂದು ಎಳೆದೆಳೆದು ಹೇಳುತ್ತ, ‘ಮೂರು ಸಾರಿ’ಗೆ ಬರಲು ಏನೇನೂ ಅವಸರ ತೋರಿಸುವುದಿಲ್ಲ. ಸಾವಿರ ದಾಟಿದ ಕುಂಬಳಕಾಯಿಯನ್ನು ಎದೆಗವಚಿಕೊಂಡು ಹಿರಿಯರು ಹೊರಬರುವಾಗ, ದೇವಾಲಯದ ಮಾಡಿನ ರಿಪೇರಿಗೆ ಅವರ ಪಾಪಸ್ವಭಾವವು ಪುಣ್ಯಸ್ವಭಾವಕ್ಕಿಂತ ಹೆಚ್ಚು ಕೊಟ್ಟಿರುತ್ತದೆ.

ಇದನ್ನು ಚೆನ್ನಾಗಿ ಬಲ್ಲ ಅಯ್ಯನವರು, ಎಂದರೆ ಸಭಾಪಾಲಕರು, ಹೊಟ್ಟೆಕಿಚ್ಚಿನ ಮೇಲಿನ ಪ್ರಸಂಗವನ್ನು ಸುಗ್ಗಿಹಬ್ಬಕ್ಕೆ ಮುಂಚೆ ಎಂದೂ ಮಾಡುವುದಿಲ್ಲ. ಏಲಂನ ಬಾಕಿಯೆಲ್ಲ ವಸೂಲಾದ ಮೇಲಿನ ಭಾನುವಾರವನ್ನೇ ಅದಕ್ಕೆ ಗೊತ್ತುಮಾಡುತ್ತಾರೆ. ಅಂದು ಹಿರಿಯರು ಮೊದಲಿಂದ ಕೊನೆಯವರೆಗೆ ತಲೆದೂಗಿ, ಬಾಗಿಲಲ್ಲಿ ಅಯ್ಯನವರ ಕೈ ಕುಲುಕಿ, “ಒಳ್ಳೆ ಪ್ರಸಂಗ ಅಯ್ಯನವರೇ, ಕೆಲವರಿಗೆ ತಾಗಬೇಕಿತ್ತು, ತಾಗಿತು” ಎಂದು ತಗ್ಗಿದ ದನಿಯಲ್ಲಿ ಹೇಳಿ ಮೆಟ್ಟಿಲಿಳಿಯುತ್ತಾರೆ. ಸಾಲಿನಲ್ಲಿ ಅವರ ಹಿಂದೆಯೇ ನಿಂತಿದ್ದ ಆ ಮಾಜಿ ಖಜಾಂಚಿಯೂ ಅದನ್ನೇ ಹೇಳುತ್ತಾರೆ, ದನಿಯನ್ನು ಮಾತ್ರ ತಗ್ಗಿಸುವುದಿಲ್ಲ.