ಕುಂದಾಳ ಬೆನ್ನು: ಒಂದು ಪಲ್ಲಣ ಮೀಮಾಂಸೆ

ಕುಂದಾ ಎಂಬುದು ಖಾನಾಪುರದ ನಾಲ್ಕು ವರ್ಷದ ಹೆಣ್ಣು ಕುದುರೆ. ಬಣ್ಣ ಬೆಳಗಾವಿಯ ಕುಂದಾದ್ದು, ಬೆನ್ನು ಅದನ್ನು ಹರಡಿಡುವ ಪರಾತದ್ದು. ಹೆಗಲ ಮೇಲೆ ಕುದುರೆಗೆ ಇರಬೇಕಾದ ದಿಣ್ಣೆ ಈಕೆಗೆ ಇದೆಯೋ ಇಲ್ಲವೋ ಎಂಬಲ್ಲಿ ವಿದ್ವಾಂಸರಿಗೆ ಮತಭೇದವಿದೆ. ಇದೆ ಎನ್ನುವವರು ಕೈಯಿಂದ ತಡವಿ ಹುಡುಕಿದವರು. ಇಂಥ ಬೆನ್ನಿಗೆ ಜೀನು ಕೂರುವುದೇ ಎಂಬುದು ಪ್ರಕೃತ ಜಿಜ್ಞಾಸೆ.

ಮೊದಲು ಶಬ್ದವಿಚಾರ. ಸಂಸ್ಕೃತದ ಪರ್ಯಾಣವು ಪ್ರಾಕೃತದಲ್ಲಿ ಪಲ್ಲಾಣವಾಗಿ, ಹಳಗನ್ನಡದಲ್ಲಿ ಪಲ್ಲಣವಾಗಿ, ಪಕಾರ ಹಕಾರವಾದ ಮೇಲೆ ಹಲ್ಲಣವಾಯಿತು. ಪದವೇ ಇಷ್ಟು ಜಾರಿರುವಾಗ ವಸ್ತು ಜಾರಿತೆಂದು ದೂರುವುದು ನ್ಯಾಯವಲ್ಲ. ಕಡೆಗೆ ಪಾರಸಿಯ ಜೀನು ಬಂದು ಹಲ್ಲಣವನ್ನು ನಿಘಂಟಿಗೆ ಇಳಿಸಿ ತಾನು ಮೇಲೇರಿತು. ಜೀನ ಎಂದರೆ ಜಿಪುಣ, ಅದರಿಂದಲೇ ಜೀನು ಎಂದು ಕುಂದಾಳ ಯಜಮಾನರನ್ನು ಬಲ್ಲವರು ವಾದಿಸುತ್ತಾರೆ. ಭಾಷಾಶಾಸ್ತ್ರ ಇದನ್ನು ಒಪ್ಪುವುದಿಲ್ಲ, ರಸೀದಿ ಒಪ್ಪುತ್ತದೆ.

ಆ ರಸೀದಿ ಬೆಳಗಾವಿಯದು. ಅಂಗಡಿಯವನು "ಕಾನ್ಪುರದ ಮಾಲ್ರೀ" ಎಂದ. ಕಾನ್ಪುರ ಜೀನು-ಲಗಾಮಿಗೆ ಹೆಸರಾದ ಊರು, ಅಲ್ಲಿನ ಮಾಲು ಹಡಗು ಹತ್ತಿ ಹೋಗುತ್ತದೆ. ಯಜಮಾನರಿಗೆ ಕೇಳಿಸಿದ್ದೇ ಬೇರೆ. "ನಾನೂ ಖಾನಾಪುರದಾಂವನ, ಸ್ವಲ್ಪ ಕಮ್ಮಿ ಮಾಡ್ರಿ" ಎಂದರು. ಇಪ್ಪತ್ತಾರು ಕಿಲೋಮೀಟರಿನ ಅಭಿಮಾನಕ್ಕೆ ಐವತ್ತು ರೂಪಾಯಿ ಇಳಿಯಿತು.

ಮನೆಯಲ್ಲಿ ಪ್ರಯೋಗ. ಎಡಗಡೆಯಿಂದ ರಿಕಾಪಿಗೆ ಕಾಲು ಕೊಟ್ಟರು. ಜೀನು ಅವರನ್ನು ಕರೆದುಕೊಂಡು ಕುಂದಾಳ ಹೊಟ್ಟೆಯ ಕೆಳಗೆ ಹೋಯಿತು. ಕುಂದಾ ಹುಲ್ಲು ತಿನ್ನುವುದನ್ನು ನಿಲ್ಲಿಸಲಿಲ್ಲ.

ಇಲ್ಲಿಂದ ಎರಡು ಪಂಥಗಳು ಕವಲೊಡೆದವು. ಬಿಗಿಪಂಥದವರು ಹೊಟ್ಟೆಪಟ್ಟಿಯನ್ನು ಇನ್ನೆರಡು ತೂತು ಎಳೆಯಿರಿ ಎಂದರು. ಎಳೆದದ್ದಾಯಿತು, ಕುದುರೆ ಉಸಿರು ಬಿಗಿಹಿಡಿದು, ಪಟ್ಟಿ ಕಟ್ಟಿದ ಮೇಲೆ ನಿಧಾನವಾಗಿ ಬಿಟ್ಟಿತು. ಗಾದಿಪಂಥದವರು ಕೆಳಗೆ ಕಂಬಳಿ ಹಾಕಿಸಿದರು, ಕಂಬಳಿಯ ಮೇಲೆ ಕೌದಿ ಹಾಕಿಸಿದರು. ಜೀನು ಇನ್ನೂ ಎತ್ತರಕ್ಕೇರಿ, ಇನ್ನೂ ದೂರಕ್ಕೆ ಬಿತ್ತು. ಆಗ ಬೆಳಗಾವಿಯಲ್ಲಿ ಟಾಂಗಾ ಹೊಡೆದು ಮುದುಕರಾದ ಕಾಕಾ ಒಬ್ಬರು ಆಡಿದ ಮಾತನ್ನು ಸೂತ್ರವೆಂದೇ ಪರಿಗಣಿಸಬೇಕು: "ತಮ್ಮಾ, ಬಾಗಲಾ ಸಣ್ಣದೈತಿ ಅಂತ ಎಮ್ಮೀಗಿ ಕಂಬಳಿ ಹೊಚ್ಚಿ ನೂಕಿದರ ಒಳಗ ಹೊಕ್ಕತೈತೇನು?"

ಇದಕ್ಕೆ ಪ್ರಬಂಧಕಾರನ ಭಾಷ್ಯ ಹೀಗೆ. ಜೀನಿನ ಹೊಟ್ಟೆಯೊಳಗೆ ಒಂದು ಗಟ್ಟಿ ಚೌಕಟ್ಟಿದೆ. ಎತ್ತರ ಹೆಗಲಿನ ಕುದುರೆಗೆ ಮಾಡಿದ ಚೌಕಟ್ಟು ಇಳಿಜಾರು ಸೂರಿನಂತಿರುತ್ತದೆ. ಕುಂದಾಳ ಬೆನ್ನೋ ಬೋರಲು ಹಾಕಿದ ನಾಡಹೆಂಚು. ಮಣ್ಣಿಗೂ ಹೆಂಚಿಗೂ ಹೆಸರಾದ, ಕುಂಬಾರಿಕೆ ಕಲಿಸಲೆಂದೇ ಸಂಸ್ಥೆ ಇರುವ ಖಾನಾಪುರದಲ್ಲಿ ಇದು ಯಾರಿಗೂ ಹೊಳೆಯಲಿಲ್ಲ! ಬಗ್ಗುವ ತಂತಿಯನ್ನು ಹೆಗಲ ಹಿಂದೆ ಒತ್ತಿ, ಒಂದು ಲಗ್ನಪತ್ರಿಕೆಯ ಹಿಂಬದಿಗಿಟ್ಟು ಗೆರೆ ಎಳೆದೆವು. ಅಂಗಡಿಯವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಕುದುರೀದೋ, ಹರವೀದೋ?" ಎಂದು ಕೇಳಿದ.

ಪ್ರಬಲ ಪ್ರಮಾಣವೆಂದರೆ ಬೆವರು. ಇದೇ ತಾಲೂಕಿನ ಹಲಸಿಯ ಕದಂಬರ ತಾಮ್ರಪಟಗಳನ್ನು ಓದಿದಷ್ಟೇ ಶ್ರದ್ಧೆಯಿಂದ, ಜೀನು ಇಳಿಸಿದ ಕೂಡಲೇ ಬೆನ್ನನ್ನು ಓದಬೇಕು. ಎರಡೂ ಪಕ್ಕ ಸಮವಾಗಿ ಒದ್ದೆಯಾಗಿದ್ದರೆ ಪಾಠ ಶುದ್ಧ. ಕುಂದಾಳ ಬೆನ್ನಿನಲ್ಲಿ ಹೆಗಲ ಹಿಂದೆ ಅಂಗೈಯಗಲದ ಎರಡು ಒಣ ತೇಪೆಗಳಿದ್ದವು. ಇವನ್ನು ಲಿಪಿಕಾರನ ಪ್ರಮಾದವೆಂದು ತಳ್ಳಿಹಾಕುವಂತಿಲ್ಲ. ಚೌಕಟ್ಟು ಅಲ್ಲಿ ಎಷ್ಟು ಒತ್ತಿತ್ತೆಂದರೆ ಬೆವರೂ ಬಂದಿಲ್ಲ. ಹೀಗೇ ಬಿಟ್ಟರೆ ಮುಂದೆ ಅಲ್ಲೇ ಬಿಳಿ ಕೂದಲು ಹುಟ್ಟಿ ಶಾಸನ ಶಾಶ್ವತವಾಗುತ್ತದೆ.

ಬೆಳಗಾವಿಯ ಚನ್ನಮ್ಮ ವೃತ್ತದ ರಾಣಿಯ ಜೀನು ಮಾತ್ರ ಇಷ್ಟು ವರ್ಷವಾದರೂ ಜಾರಿಲ್ಲವಲ್ಲ ಎಂದು ಯಜಮಾನರು ಆಕ್ಷೇಪವೆತ್ತಿದರು. ಅಲ್ಲಿ ಕುದುರೆ, ಜೀನು, ರಾಣಿ ಮೂರೂ ಒಂದೇ ಮೂರ್ತಿ ಎಂದು ಸಮಾಧಾನ ಹೇಳಲಾಯಿತು.

ಅಗಲ ಕಮಾನಿನ ಜೀನಿಗೆ ಈಗ ಹೇಳಿಟ್ಟಿದ್ದೇವೆ. ಎಳೆ ಕುದುರೆಯ ಮೈ ವರ್ಷದೊಳಗೆ ಮತ್ತೆ ಬೇರೆಯಾಗುತ್ತದೆ, ಆದ್ದರಿಂದ ಲಗ್ನಪತ್ರಿಕೆಗಳನ್ನು ಎತ್ತಿಡಲಾಗುತ್ತಿದೆ. ಹಳೆಯ ಜೀನು ಮನೆಯ ಕಂಪೌಂಡ್ ಗೋಡೆಯ ಮೇಲಿದೆ, ಎರಡೂ ಪಕ್ಕ ಕೂದಲೆಳೆ ಸಂದು ಬಿಡದೆ ಕೂತಿದೆ. ಯಜಮಾನರ ಮೊಮ್ಮಗಳು ದಿನಾ ಎಡಗಡೆಯಿಂದಲೇ ಹತ್ತುತ್ತಾಳೆ. ಇನ್ನೂ ಜಾರಿಲ್ಲ.