ಕಡ್ಡಿ ಪೈಲ್ವಾನನ ಊಟ

ಮಂಡ್ಯ ಸೀಮೆಯ ಮದುವೆ ಮನೆ. ಮೂರನೇ ಸಲ ಅನ್ನ ಹಾಕಿಸಿಕೊಂಡ ಹುಡುಗನ ಮೇಲೆ ಎದುರು ಸಾಲಿನ ದೊಡ್ಡವ್ವನ ಕಣ್ಣು ಬಿತ್ತು.

"ಏನ್ಲಾ ಮಗ, ಹಿಂಗ್ ಒಣಗೋಗಿದ್ದೀಯ? ನಿಮ್ಮವ್ವ ಮುದ್ದೆ ಇಕ್ಕಕಿಲ್ವಾ?"

"ಇಕ್ತಾಳೆ ದೊಡ್ಡವ್ವ. ದಿನಾ ಎರಡು."

"ಹಂಗಾರೆ ಹೊಟ್ಟೇಲಿ ಹುಳ ಇರ್ಬೇಕು."

"ಇಲ್ಲ ಅಂದ್ರು ಡಾಕ್ಟ್ರು. ಥೈರಾಯ್ಡೂ ಸರಿಯಾಗೈತಂತೆ. ಎತ್ತರ 170 ಸೆಂ.ಮೀ., ತೂಕ 55 ಕೆ.ಜಿ., ಬಿಎಂಐ 19. ವಿಶ್ವ ಆರೋಗ್ಯ ಸಂಸ್ಥೆಯೋರ ಲೆಕ್ಕದಲ್ಲಿ 18.5ಕ್ಕಿಂತ ಕೆಳಗಿಳಿದ್ರೆ ಮಾತ್ರ ಕಡಿಮೆ ತೂಕ."

"ಆ ಸಂಸ್ಥೆಯೋರು ನಿಂಗೆ ಹೆಣ್ ಕೊಡ್ತಾರಾ?"

ಈ ಬಿಎಂಐ ಸೂತ್ರದ ಮೂಲಪುರುಷ, ಬೆಲ್ಜಿಯಂನ ಕೆಟ್ಲೆ, ವೈದ್ಯನಲ್ಲ, ಗಣಿತಜ್ಞ. 19ನೇ ಶತಮಾನದಲ್ಲಿ ಅವನು ಹುಡುಕುತ್ತಿದ್ದದ್ದು 'ಸರಾಸರಿ ಮನುಷ್ಯ'ನನ್ನು. ಪಾಪ, ನಮ್ಮ ಮದುವೆ ಪಂಕ್ತಿಗೆ ಬಂದಿದ್ದರೆ ದೊಡ್ಡವ್ವ ಒಂದೇ ನೋಟಕ್ಕೆ ತೋರಿಸುತ್ತಿದ್ದಳು. 2019ರಲ್ಲಿ ಕೇಂಬ್ರಿಜ್ ತಂಡವೊಂದು 1,622 ಆರೋಗ್ಯವಂತ ಸಣಕಲರ ವಂಶವಾಹಿ ಪರೀಕ್ಷಿಸಿ, ಸಣ್ಣಗಿರುವುದರಲ್ಲಿ ವಂಶದ ಪಾಲೂ ಇದೆ ಎಂದಿತು.

ದಪ್ಪಗಿದ್ದವರನ್ನು ಬೆನ್ನ ಹಿಂದೆ ಆಡಿಕೊಳ್ಳುವ ಊರು, ಸಣ್ಣಗಿದ್ದವರನ್ನು ಎದುರಿಗೇ ಆಡಿಕೊಳ್ಳುತ್ತದೆ. ಅದಕ್ಕೆ ಅಕ್ಕರೆ ಎಂದು ಹೆಸರು.

"ನಿಮ್ಮಪ್ಪ ನಿನ್ ವಯಸ್ಸಲ್ಲಿ ಹೆಂಗಿದ್ದ ಗೊತ್ತಾ?"

"ಹೆಂಗಿದ್ರು?"

ದೊಡ್ಡವ್ವ ಹಪ್ಪಳ ಮುರಿದು ಸ್ವಲ್ಪ ಹೊತ್ತು ಯೋಚಿಸಿದಳು. "ಗಳ ಇದ್ದಂಗಿದ್ದ... ಬುಡು, ಇನ್ನೊಂದು ಹೋಳಿಗೆ ಹಾಕಿಸ್ಕೊ."